1,024 ಗೂಡುಗಳ ಅಜೀಜುಲ್ ಹಕ್: ಬೆರಳಚ್ಚಿಗೆ ದುಡ್ಡು ಅಂದರೆ ಬರೀ ಯಂತ್ರಕ್ಕೆ ದುಡ್ಡಾ?

ಪೊಲೀಸರ ಬೆರಳಚ್ಚು ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸಲು ದುಡ್ಡು ಬೇಕು ಅಂತ ಇಲಾಖೆ ಕೇಳಿದರೆ ಬೇಡ ಅನ್ನುವ ಧೈರ್ಯ ಯಾವ ಸರ್ಕಾರಕ್ಕೂ ಇರಲ್ಲ. ಕಳ್ಳ ಸಿಗಬೇಕು ತಾನೇ? ಪೊಲೀಸ್ ಆಧುನೀಕರಣ ಯೋಜನೆಯಲ್ಲಿ ಖರ್ಚಿನ ನೂರಕ್ಕೆ 60 ಪಾಲು ಕೇಂದ್ರದ್ದು, 40 ಪಾಲು ಕರ್ನಾಟಕದ್ದು. ಎರಡೂ ನಮ್ಮ ತೆರಿಗೆಯೇ. ಹಾಗಾಗಿ ಆ ದುಡ್ಡು ಏನು ಕೊಳ್ಳುತ್ತದೆ ಅಂತ ಕೇಳುವ ಹಕ್ಕು ನಮಗಿದೆ. ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಟೆಂಡರ್ ದಾಖಲೆಯಲ್ಲ, 1935ರಲ್ಲಿ ತೀರಿಹೋದ ಒಬ್ಬ ಪೊಲೀಸ್ ಅಧಿಕಾರಿಯ ಬದುಕು. ಜಗತ್ತಿನ ಪೊಲೀಸರು ನೂರು ವರ್ಷ ಬಳಸಿದ ಬೆರಳಚ್ಚು ವರ್ಗೀಕರಣದ ಲೆಕ್ಕ ಹಾಕಿದವರು ಅವರು. ವ್ಯವಸ್ಥೆಯ ಹೆಸರು ಮಾತ್ರ ಹೆನ್ರಿ ಸಿಸ್ಟಮ್.

ಖಾಜಿ ಅಜೀಜುಲ್ ಹಕ್ ಹುಟ್ಟಿದ್ದು 1872ರಲ್ಲಿ, ಬಂಗಾಳದ ಖುಲ್ನಾ ಸೀಮೆಯ ಪೈಗ್ರಾಮ್ ಕಸಬಾದಲ್ಲಿ. ಇವತ್ತು ಅದು ಬಾಂಗ್ಲಾದೇಶ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ. ಹುಡುಗ ಚಿಕ್ಕವನಿದ್ದಾಗಲೇ ಅಪ್ಪ ಅಮ್ಮ ದೋಣಿ ದುರಂತದಲ್ಲಿ ಹೋದರು. ಸಾಕಿದ್ದು ಅಣ್ಣ. ಮನೆಯಲ್ಲಿ ಬಡತನ, ಈ ಹುಡುಗನಿಗೋ ವಿಪರೀತ ಹಸಿವು. ಕುಟುಂಬದಲ್ಲಿ ಉಳಿದುಬಂದ ಕಥೆಯ ಪ್ರಕಾರ, ಬೇರೆಯವರ ಪಾಲಿನ ಊಟವನ್ನೂ ತಿಂದುಬಿಡುತ್ತಿದ್ದ. ಒಂದು ದಿನ ದುಡಿದು ಸುಸ್ತಾಗಿ ಬಂದ ಅಣ್ಣ ಸಿಟ್ಟಿಗೆದ್ದು ಹೊಡೆದ. ಹನ್ನೆರಡರ ಹುಡುಗ ಮನೆಬಿಟ್ಟು ರೈಲು ಹತ್ತಿ ಕಲ್ಕತ್ತಾ ಸೇರಿದ. ಅಲ್ಲಿ ಒಂದು ಕುಟುಂಬ ಅವನಿಗೆ ಆಸರೆ ಕೊಟ್ಟಿತು, ಓದೋಕೂ ದಾರಿ ಮಾಡಿಕೊಟ್ಟಿತು. ಕೊನೆಗೆ ಆತ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ, ವಿಜ್ಞಾನ ಓದಿದ.

ಬಂಗಾಳ ಪೊಲೀಸಿನ ಇನ್‌ಸ್ಪೆಕ್ಟರ್ ಜನರಲ್ ಎಡ್ವರ್ಡ್ ಹೆನ್ರಿಗೆ ಆಗ ಒಂದು ತಲೆನೋವಿತ್ತು. ಸಿಕ್ಕಿಬಿದ್ದವನು ಹಳೇ ಕೈದಿಯಾ, ಹೊಸಬನಾ? ಹೆಸರು ಬದಲಿಸಿಕೊಂಡರೆ ಮುಗೀತು, ಗುರುತಿಸೋದು ಹೇಗೆ? ಫ್ರಾನ್ಸಿನ ಬರ್ಟಿಲಾನ್ ದೇಹದ ಅಳತೆ ತೆಗೆಯುವ ಪದ್ಧತಿ ತಂದಿದ್ದ: ತಲೆಯ ಉದ್ದ, ಕೈಬೆರಳಿನ ಉದ್ದ, ಪಾದ ಹೀಗೆ. ಆದರೆ ಒಂದೇ ಕೈದಿಯನ್ನು ಇಬ್ಬರು ಪೇದೆಗಳು ಅಳೆದರೆ ಎರಡು ಅಳತೆ ಬರುತ್ತಿತ್ತು. ಅಂಕಿಸಂಖ್ಯೆಯಲ್ಲಿ ಚುರುಕಾದ ಒಬ್ಬ ವಿದ್ಯಾರ್ಥಿ ಬೇಕು ಅಂತ ಹೆನ್ರಿ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರನ್ನು ಕೇಳಿದರು. ಅವರು ತೋರಿಸಿದ್ದು ಹಕ್ ಅವರನ್ನು. ಸಬ್ ಇನ್‌ಸ್ಪೆಕ್ಟರ್ ಆಗಿ ಕೆಲಸ ಸಿಕ್ಕಿತು. ಕ್ಯಾಂಪಸ್ ಪ್ಲೇಸ್‌ಮೆಂಟ್ ಅಂದುಕೊಳ್ಳಿ.

ಬೆರಳಿನ ಗೆರೆ ಒಬ್ಬರಿಗಿದ್ದಂತೆ ಇನ್ನೊಬ್ಬರಿಗಿಲ್ಲ ಅನ್ನೋದು ಅಷ್ಟರಲ್ಲಿ ಗೊತ್ತಿತ್ತು. ಬಂಗಾಳದಲ್ಲಿದ್ದ ವಿಲಿಯಂ ಹರ್ಷೆಲ್ 1858ರಲ್ಲೇ ಕರಾರುಪತ್ರಕ್ಕೆ ಅಂಗೈ ಅಚ್ಚು ಹಾಕಿಸಿದ್ದ. ಲಂಡನ್ನಿನ ಗಾಲ್ಟನ್ 1892ರಲ್ಲಿ ಇದರ ಮೇಲೆ ಪುಸ್ತಕ ಬರೆದ. ತೊಡಕಿದ್ದದ್ದು ಬೇರೆ ಕಡೆ. ಸಾವಿರಾರು ಹಾಳೆಗಳ ರಾಶಿಯಲ್ಲಿ ಬೇಕಾದ ಒಂದನ್ನು ಹುಡುಕೋದು ಹೇಗೆ? ಎಂಜಿನಿಯರಿಂಗ್ ಓದಿದವರಿಗೆ ತಕ್ಷಣ ಹೊಳೆಯುತ್ತೆ, ಇದು ಇಂಡೆಕ್ಸಿಂಗ್ ಸಮಸ್ಯೆ. ಡೇಟಾ ಎಷ್ಟಿದ್ದರೇನು, ಹುಡುಕೋಕಾಗದಿದ್ದರೆ ಕಸ.

ಹಕ್ ಕಂಡುಕೊಂಡ ದಾರಿಯನ್ನು ನಮ್ಮ ಅಜ್ಜಿಯರ ಭಾಷೆಯಲ್ಲೇ ಹೇಳಬಹುದು. ಚಿಕ್ಕವರಿದ್ದಾಗ ಅಜ್ಜಿ ಬೆರಳು ಹಿಡಿದು ಇದು ಶಂಖ, ಇದು ಚಕ್ರ ಅಂತ ಎಣಿಸುತ್ತಿದ್ದರಲ್ಲ, ಅದೇ. ಹತ್ತು ಬೆರಳನ್ನು ಐದು ಜೋಡಿ ಮಾಡಿ. ಮೊದಲ ಜೋಡಿಯಲ್ಲಿ ಚಕ್ರವಿದ್ದರೆ 16, ಎರಡನೆಯದರಲ್ಲಿ 8, ಆಮೇಲೆ 4, 2, 1. ಚಕ್ರವಿಲ್ಲದಿದ್ದರೆ ಸೊನ್ನೆ. ಪ್ರತಿ ಜೋಡಿಯ ಒಂದು ಬೆರಳಿನ ಅಂಕ ಭಿನ್ನರಾಶಿಯ ಮೇಲಕ್ಕೆ, ಇನ್ನೊಂದರದ್ದು ಕೆಳಕ್ಕೆ. ಕೂಡಿಸಿ, ಎರಡಕ್ಕೂ ಒಂದೊಂದು ಸೇರಿಸಿ. ಬಲಗೈ ಹೆಬ್ಬೆರಳಲ್ಲಿ ಮಾತ್ರ ಚಕ್ರವಿದ್ದವನು 1/17. ಎಲ್ಲೂ ಚಕ್ರವಿಲ್ಲದವನು 1/1. ಹತ್ತೂ ಚಕ್ರವಾದರೆ 32/32. ಮೂವತ್ತೆರಡು ಮೂವತ್ತೆರಡಲೆ 1,024. ಗೋಡೆಗೆ 1,024 ಗೂಡುಗಳ ಕಪಾಟು ಮಾಡಿಸಿದರೆ ಯಾವ ಕೈದಿಯ ಹಾಳೆ ಯಾವ ಗೂಡಲ್ಲಿದೆ ಅಂತ ಬೆರಳು ನೋಡಿಯೇ ಹೇಳಬಹುದು. ಕಂಪ್ಯೂಟರ್ ಹುಟ್ಟುವ ಅರ್ಧ ಶತಮಾನ ಮೊದಲು, ಒಬ್ಬ ಸಬ್ ಇನ್‌ಸ್ಪೆಕ್ಟರ್ ಮನುಷ್ಯನ ಕೈಯನ್ನು ಹತ್ತು ಬಿಟ್‌ಗಳಾಗಿ ಓದಿದ್ದರು. ಚಕ್ರ ಕಡಿಮೆ ಇರುವ ಗೂಡುಗಳು ಬೇಗ ತುಂಬಿ ಉಕ್ಕುತ್ತಿದ್ದವು, ಅದಕ್ಕೆ ಗೆರೆ ಎಣಿಸುವ ಉಪವರ್ಗಗಳು ಬಂದವು. ಜೊತೆಗಿದ್ದ ಹೇಮಚಂದ್ರ ಬೋಸ್ ಬೆರಳಚ್ಚಿನ ವಿವರವನ್ನು ಟೆಲಿಗ್ರಾಂನಲ್ಲಿ ಕಳಿಸುವ ಸಂಕೇತ ರೂಪಿಸಿದರು.

1897ರ ಜೂನ್ 12ರಂದು ಸರ್ಕಾರ ಪದ್ಧತಿಯನ್ನು ಒಪ್ಪಿತು. ಕಲ್ಕತ್ತಾದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾಯಿತು. ಸ್ಕಾಟ್ಲೆಂಡ್ ಯಾರ್ಡಿನದ್ದು ಬಂದದ್ದು 1901ರಲ್ಲಿ, ಕಲ್ಕತ್ತಾದಿಂದ ಕಲಿತು.

ಬ್ಯೂರೋ ಶುರುವಾದ ವರ್ಷವೇ ಜಲ್‌ಪೈಗುರಿಯ ಚಹಾ ತೋಟದ ಮ್ಯಾನೇಜರ್ ಕೊಲೆಯಾದ. ಗುಮಾನಿ ಯಾರ ಮೇಲೆ? ಅಡುಗೆಯವನ ಬಟ್ಟೆ ಮೇಲೆ ರಕ್ತದ ಕಲೆ ಇತ್ತು, ಅವನ ಮೇಲೆ. ಅಲ್ಲೇ ಸುತ್ತುತ್ತಿದ್ದ ಕಾಬೂಲಿಗಳ ಮೇಲೆ. ಅಂದರೆ ಯಾವತ್ತೂ ಗುಮಾನಿಗೆ ಸಿಗುವವರ ಮೇಲೆ: ಕೆಲಸದವರು, ಹೊರಗಿನವರು. ಆದರೆ ಮ್ಯಾನೇಜರನ ಪೆಟ್ಟಿಗೆಯಲ್ಲಿ ಸಿಕ್ಕ ಬಂಗಾಳಿ ಪಂಚಾಂಗದ ಮೇಲೆ ಮಸುಕಾದ ಒಂದು ಹೆಬ್ಬೆರಳ ಗುರುತಿತ್ತು. ಹಿಂದೆ ಅದೇ ಮನೆಯಲ್ಲಿ ಕಳ್ಳತನ ಮಾಡಿ ಜೈಲಿಗೆ ಹೋಗಿದ್ದ ಕಂಗಾಲಿ ಚರಣನ ಬಲ ಹೆಬ್ಬೆರಳಿಗೆ ಅದು ಹೊಂದಿತು. ಉಳಿದವರು ಬಚಾವಾದರು. ಬೆರಳಚ್ಚು ಬಡವರನ್ನು ಹಿಡಿಯೋಕೆ ಮಾತ್ರ ಇರುವ ಅಸ್ತ್ರ ಅನ್ನುವ ಗೆಳೆಯರಿಗೆ ನಾನು ಈ ಪ್ರಕರಣ ನೆನಪಿಸುತ್ತೇನೆ.

ಅದಕ್ಕಿಂತ ಮುಖ್ಯವಾದದ್ದು 1898ರ ತೀರ್ಪು. ಆ ಗುರುತಿನ ಬಲದಿಂದ ಕೋರ್ಟು ಚರಣನನ್ನು ಕಳ್ಳತನಕ್ಕೆ ತಪ್ಪಿತಸ್ಥ ಅಂದಿತು. ಕೊಲೆಗೆ ಅನ್ನಲಿಲ್ಲ. ಪೆಟ್ಟಿಗೆ ಮುಟ್ಟಿದ್ದಾನೆ ಅಂತ ಬೆರಳು ಹೇಳುತ್ತೆ, ಕತ್ತಿ ಹಿಡಿದಿದ್ದ ಅಂತ ಹೇಳಲ್ಲ. ತಂತ್ರಜ್ಞಾನ ಹೊಚ್ಚಹೊಸದಾಗಿದ್ದ ದಿನಗಳಲ್ಲೇ ಅದರ ಮಿತಿ ಎಲ್ಲಿದೆ ಅಂತ ಒಂದು ವಸಾಹತುಶಾಹಿ ಕೋರ್ಟಿಗೆ ಗೊತ್ತಿತ್ತು.

1900ರಲ್ಲಿ ಹೆನ್ರಿಯ ಪುಸ್ತಕ ಬಂತು, ಪದ್ಧತಿಗೆ ಅವರ ಹೆಸರೇ ಅಂಟಿತು. ಅವರು ಲಂಡನ್ ಪೊಲೀಸ್ ಕಮಿಷನರ್ ಆದರು, ಸರ್ ಆದರು, 1918ರಲ್ಲಿ ಬ್ಯಾರೊನೆಟ್ ಆದರು. ಹಕ್ ಅವರಿಗೆ 1913ರಲ್ಲಿ ಖಾನ್ ಸಾಹಿಬ್, 1924ರಲ್ಲಿ ಖಾನ್ ಬಹಾದೂರ್, 5,000 ರೂಪಾಯಿ ಗೌರವಧನ, ಬಿಹಾರದ ಮೋತಿಹಾರಿಯಲ್ಲಿ ಒಂದಿಷ್ಟು ಭೂಮಿ. ಮನ್ನಣೆ ಸುಮ್ಮನೆ ಬಂದದ್ದಲ್ಲ, ಅರ್ಜಿ ಹಾಕಿ ಕೇಳಬೇಕಾಯಿತು. ಕೊನೆಗೆ 1926ರಲ್ಲಿ, ನಿವೃತ್ತ ಹೆನ್ರಿ ಇಂಡಿಯಾ ಆಫೀಸಿಗೆ ಪತ್ರ ಬರೆದು, ವರ್ಗೀಕರಣವನ್ನು ಪಕ್ಕಾ ಮಾಡುವುದರಲ್ಲಿ ತಮ್ಮ ಸಿಬ್ಬಂದಿಯಲ್ಲಿ ಹಕ್ ಅವರ ಪಾಲೇ ಎಲ್ಲರಿಗಿಂತ ಹೆಚ್ಚು ಅಂತ ಒಪ್ಪಿಕೊಂಡರು. ಇಪ್ಪತ್ತೈದು ವರ್ಷ ತಡವಾಗಿ! ಹೆನ್ರಿ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಗಾಲ್ಟನ್‌ರನ್ನು ಹೋಗಿ ಕಂಡಿದ್ದು, ಸರ್ಕಾರವನ್ನು ಒಪ್ಪಿಸಿದ್ದು, ದುಡ್ಡು ತಂದಿದ್ದು ಅವರೇ. ಆದರೆ ಲೆಕ್ಕ ಹಾಕಿದವನಿಗೆ ಸಂಬಳ, ಸಹಿ ಹಾಕಿದವನಿಗೆ ಹೆಸರು ಅನ್ನೋದು ನಮ್ಮ ಐಟಿ ಕಾರಿಡಾರಿಗೂ ಹೊಸದೇನಲ್ಲ.

ಹಕ್ ಅವರನ್ನು ಪುಣ್ಯಪುರುಷ ಮಾಡುವುದೂ ಬೇಡ. ಅವರು ಬ್ರಿಟಿಷರ ಪೊಲೀಸ್. ಅವರ ಗೂಡುಗಳು ಯಾರ ಕೈಗಳಿಂದ ತುಂಬಿದವು ಅನ್ನೋದು ನಮ್ಮ ನೆಲದ ಕಥೆಯೂ ಹೌದು. 1911ರ ಅಪರಾಧಿ ಬುಡಕಟ್ಟು ಕಾಯ್ದೆ ಅಧಿಸೂಚಿತ ಸಮುದಾಯಗಳಲ್ಲಿ ಹುಟ್ಟಿದವರ ಬೆರಳಚ್ಚು ತೆಗೆಯೋಕೆ ಅವಕಾಶ ಕೊಟ್ಟಿತು. ಅಪರಾಧ ಮಾಡಿರಬೇಕು ಅಂತೇನಿಲ್ಲ, ಹುಟ್ಟಿದ್ದರೆ ಸಾಕು. ಬಾಂಬೆ ಸರ್ಕಾರ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಸೆಟ್ಲ್‌ಮೆಂಟ್ ಮಾಡಿ ಇಂಥ ಜನರನ್ನು ತಂತಿ ಬೇಲಿಯೊಳಗೆ ಇಟ್ಟಿತು. ಕಾಯ್ದೆ ರದ್ದಾಗಿದ್ದು 1952ರಲ್ಲಿ. ಆ ಹಣೆಪಟ್ಟಿ ಪೂರ್ತಿ ಹೋಗಿದೆ ಅಂತ ಯಾವ ವಿಮುಕ್ತ ಸಮುದಾಯದವರೂ ಹೇಳಲ್ಲ.

ಈಗ ಇವತ್ತಿಗೆ ಬರೋಣ. 1,024 ಗೂಡುಗಳ ಜಾಗದಲ್ಲಿ ನಫೀಸ್ ಇದೆ, ಅಂದರೆ ರಾಷ್ಟ್ರೀಯ ಸ್ವಯಂಚಾಲಿತ ಬೆರಳಚ್ಚು ಗುರುತಿಸುವ ವ್ಯವಸ್ಥೆ. 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು, ದಾಖಲಾದ ಪ್ರತಿಯೊಬ್ಬರಿಗೂ ಹತ್ತಂಕಿಯ ಸಂಖ್ಯೆ. ರಾತ್ರಿ ಬೀಟ್‌ನ ಪೊಲೀಸರು ಕೈಯಲ್ಲಿ ಹಿಡಿಯುವ ಯಂತ್ರದ ಮೇಲೆ ದಾರಿಹೋಕರ ಬೆರಳಿಡಿಸಿ ನೋಡುವುದು ಬೆಂಗಳೂರಲ್ಲಿ ಆಗಲೇ ಸುದ್ದಿಯಾಗಿದೆ. ಯಂತ್ರ ಬೇಕಾ? ಬೇಕು. ಕೋಟಿಗಟ್ಟಲೆ ಬೆರಳಚ್ಚನ್ನು ಭೂತಗನ್ನಡಿ ಹಿಡಿದು ಯಾರೂ ನೋಡೋಕಾಗಲ್ಲ. ಆದರೆ ಸ್ಥಳದಲ್ಲಿ ಸಿಕ್ಕ ಅರೆಬರೆ ಗುರುತನ್ನು ಕೊಟ್ಟರೆ ಯಂತ್ರ ಒಂದು ಹೆಸರು ಹೇಳಲ್ಲ, ಹೋಲುವವರ ಪಟ್ಟಿ ಕೊಡುತ್ತೆ. ಇವನೇ ಅಂತ ಹೇಳಬೇಕಾದವರು ಬೆರಳಚ್ಚು ತಜ್ಞರು.

ಅಲ್ಲೂ ಎಡವಬಹುದು. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ನಂತರ ಎಫ್‌ಬಿಐ ಯಂತ್ರ 20 ಹೆಸರು ಕೊಟ್ಟಿತು. ಅದರಲ್ಲಿ ಒಬ್ಬರು ಅಮೆರಿಕದ ಒರೆಗಾನ್‌ನ ವಕೀಲರು. ಎಫ್‌ಬಿಐ ತಜ್ಞರು ಅವರೇ ಅಂದರು, ಬಂಧನವಾಯಿತು. ಆಮೇಲೆ ಸ್ಪೇನ್ ಪೊಲೀಸರು ಆ ಗುರುತು ಬೇರೊಬ್ಬನದ್ದು ಅಂತ ತೋರಿಸಿದರು. ಅಮೆರಿಕ ಸರ್ಕಾರ ಕ್ಷಮೆ ಕೇಳಿ 20 ಲಕ್ಷ ಡಾಲರ್ ಕೊಟ್ಟಿತು. ವಕೀಲರು ಇಸ್ಲಾಂಗೆ ಮತಾಂತರವಾಗಿದ್ದವರು ಅನ್ನೋದು ಗೊತ್ತಾದ ಮೇಲೆ ತಪ್ಪನ್ನು ಮರುಪರಿಶೀಲಿಸುವ ಮನಸ್ಸು ಕಡಿಮೆಯಾಗಿರಬಹುದು ಅಂತ ಅಲ್ಲಿನ ತನಿಖಾ ವರದಿಯೇ ಹೇಳಿತು. ಮೊದಲ ಮ್ಯಾಚಿಂಗ್ ಮಾಡಿದ್ದು ಗೆರೆ ನೋಡಿಯೇ. ತಪ್ಪು ಗಟ್ಟಿಯಾಗಿ ಕೂತದ್ದು ಗುಮಾನಿಯಿಂದ.

ಇದನ್ನು ಬರೆಯುತ್ತಿರುವ ನಾನು ಮಹದೇವಪುರದಲ್ಲಿದ್ದೇನೆ. ಗುಮಾನಿ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಕೆ ಒರೆಗಾನ್‌ಗೆ ಹೋಗಬೇಕಿಲ್ಲ. 2020ರ ಜನವರಿಯಲ್ಲಿ ಇದೇ ವಿಧಾನಸಭಾ ಕ್ಷೇತ್ರದ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಶೆಡ್‌ಗಳನ್ನು ಜೆಸಿಬಿ ತಂದು ಕೆಡವಿದರು. ಬಾಂಗ್ಲಾದೇಶಿಗಳು ಅನ್ನುವ ಗುಲ್ಲು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು, ಕೈಯಲ್ಲಿ ಆಧಾರ್ ಹಿಡಿದು ನಿಂತಿದ್ದರು. ವಿಷಯ ಹೈಕೋರ್ಟಿಗೆ ಹೋಗಿ, ಪೊಲೀಸರ ನಡೆ ಪ್ರಶ್ನೆಗೊಳಗಾಯಿತು. ಇಂಥ ಕಡೆ ಬೆರಳು ಓದುವ ಯಂತ್ರ ಮೊದಲು ಯಾರ ಮುಂದೆ ಬರುತ್ತೆ? ಟೆಕ್ ಪಾರ್ಕಿನ ಟ್ಯಾಗ್ ಹಾಕಿಕೊಂಡ ನನ್ನ ಬ್ಯಾಚ್‌ಮೇಟ್ ಮುಂದಂತೂ ಅಲ್ಲ. ಗೇಟಿನಲ್ಲಿ ನಿಂತ ಸೆಕ್ಯೂರಿಟಿ, ಕಸ ಆಯುವ ಹೆಂಗಸು, ಹನ್ನೊಂದು ಗಂಟೆ ರಾತ್ರಿ ಡೆಲಿವರಿ ಮುಗಿಸಿ ಹೋಗುವ ಹುಡುಗ. ಖುಲ್ನಾದಿಂದ ಹನ್ನೆರಡರ ವಯಸ್ಸಲ್ಲಿ ರೈಲು ಹತ್ತಿದ ಒಬ್ಬ ಅಜೀಜುಲ್ ಇವತ್ತು ಕೆ.ಆರ್. ಪುರ ಸ್ಟೇಷನ್ನಿನಲ್ಲಿ ಇಳಿದರೆ ಅವನಿಗೆ ಪಾಠ ಹೇಳಿಕೊಡುವವರು ಸಿಗುತ್ತಾರೋ, ಬೆರಳು ತೋರಿಸು ಅನ್ನುವವರು ಸಿಗುತ್ತಾರೋ?

2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯ ಪ್ರಕಾರ ಸಂಗ್ರಹಿಸಿದ ದಾಖಲೆ 75 ವರ್ಷ ಇರುತ್ತೆ. ಹಿಂದೆ ಶಿಕ್ಷೆಯಾಗಿಲ್ಲದವರು ಖುಲಾಸೆಯಾದರೆ, ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಕೋರ್ಟು ಬೇಡ ಅನ್ನದ ಹೊರತು ಅಳಿಸಬೇಕು. ಒಳ್ಳೆಯದೇ. ಆದರೆ ನಿಯಮದಲ್ಲಿ ಅದಕ್ಕೂ ನೋಡಲ್ ಅಧಿಕಾರಿಗೆ ಅರ್ಜಿ ಹೋಗಬೇಕು. ಸೇರಿಸೋಕೆ ಸ್ಕ್ಯಾನರ್, ಅಳಿಸೋಕೆ ಅರ್ಜಿ! ಸೈಟಿನಲ್ಲಿ ಗಾರೆ ಕಲಸುವವನು ಆ ಅಧಿಕಾರಿಯನ್ನು ಎಲ್ಲಿ ಹುಡುಕಬೇಕು? ಖುಲಾಸೆ ಆದೇಶ ಬಂದ ದಿನವೇ ಕೋರ್ಟಿನಿಂದ ಬ್ಯೂರೋಗೆ ಸಂದೇಶ ಹೋಗಿ ದಾಖಲೆ ತಾನಾಗೇ ಅಳಿಯುವಂತೆ ಸಾಫ್ಟ್‌ವೇರ್ ಬರೆಯುವುದು ಕಷ್ಟದ ಕೆಲಸವೇ ಅಲ್ಲ. ಮುಂದಿನ ಬಾರಿ ಬೆರಳಚ್ಚಿಗೆ ಅನುದಾನ ಘೋಷಣೆಯಾದಾಗ ಈ ಸಾಲು ಅದರಲ್ಲಿದೆಯಾ ನೋಡಿ. ತಜ್ಞರ ಹುದ್ದೆ ತುಂಬುವ ಸಾಲು ಇದೆಯಾ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೆಸರು, ಊರು, ಧರ್ಮ ತಿಳಿಯದೆ ಮರುಪರೀಕ್ಷೆ ಮಾಡುವುದಕ್ಕೆ ದುಡ್ಡು ಇಟ್ಟಿದ್ದಾರಾ ನೋಡಿ. ಇಲ್ಲದಿದ್ದರೆ ನಿಮ್ಮ ಶಾಸಕರನ್ನು ಕೇಳಿ.

ಹಕ್ 1912ರಲ್ಲಿ ಬಿಹಾರ ಬೇರೆಯಾದಾಗ ಅಲ್ಲಿನ ಪೊಲೀಸ್ ಸೇವೆ ಆರಿಸಿಕೊಂಡಿದ್ದರು. ನಿವೃತ್ತರಾಗಿ ಮೋತಿಹಾರಿಯಲ್ಲೇ ನೆಲೆಸಿದರು, 1935ರಲ್ಲಿ ತೀರಿಕೊಂಡರು, ಅಲ್ಲಿಯೇ ಮಣ್ಣಾದರು. ಹನ್ನೆರಡು ವರ್ಷದ ಮೇಲೆ ದೇಶ ಒಡೆಯಿತು. ಹೆಂಡತಿ ಮಕ್ಕಳು ಆಗಿನ ಪಾಕಿಸ್ತಾನದ ಪಾಲಾದರು. ಬ್ರಿಟನ್ನಿನ ಫಿಂಗರ್‌ಪ್ರಿಂಟ್ ಸೊಸೈಟಿ ಈಚೆಗೆ ಅವರ ಮತ್ತು ಬೋಸ್ ಅವರ ಹೆಸರಿನಲ್ಲಿ ಸಂಶೋಧನಾ ಪ್ರಶಸ್ತಿ ಇಟ್ಟಿದೆ. ಸಮಾಧಿ ಮೋತಿಹಾರಿಯಲ್ಲಿದೆ.