ರಾಬರ್ಟ್ ಮ್ಯಾಲೆಟ್

ರಾಬರ್ಟ್ ಮ್ಯಾಲೆಟ್ (ಜೂನ್ 3, 1810 – ನವೆಂಬರ್ 5, 1881) ಐರ್ಲೆಂಡಿನ ಇಂಜಿನಿಯರ್ ಹಾಗೂ ಭೂವಿಜ್ಞಾನಿ. ಚರಿತ್ರೆಯಲ್ಲಿ ದಾಖಲಾದ ಭೂಕಂಪಗಳ ಬೃಹತ್ ಪಟ್ಟಿಯೊಂದನ್ನು ಸಿದ್ಧಪಡಿಸಿದ ಇವರನ್ನು ಭೂಕಂಪಶಾಸ್ತ್ರದ ಸ್ಥಾಪಕರಲ್ಲಿ ಒಬ್ಬರೆಂದು ಪರಿಗಣಿಸಲಾಗುತ್ತದೆ. ಈ ಶಾಸ್ತ್ರಕ್ಕೆ ಗ್ರೀಕ್ ಮೂಲದ ಸೀಸ್ಮಾಲಜಿ ಎಂಬ ಹೆಸರನ್ನು ಕೊಟ್ಟವರೂ ಇವರೇ.

ಬಾಲ್ಯ ಮತ್ತು ವೃತ್ತಿ

ಮ್ಯಾಲೆಟ್ ಡಬ್ಲಿನ್ ನಗರದಲ್ಲಿ ಜನಿಸಿದರು. ತಂದೆ ಜಾನ್ ಮ್ಯಾಲೆಟ್ ಕಬ್ಬಿಣದ ಎರಕದ ಕಾರ್ಖಾನೆಯನ್ನು ನಡೆಸುತ್ತಿದ್ದರು. ರಾಬರ್ಟ್ 1830ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಿಂದ ಪದವಿ ಪಡೆದು, ತಂದೆಯ ಉದ್ಯಮವನ್ನು ಸೇರಿದರು. ಈ ಕಾರ್ಖಾನೆಯು ರೈಲ್ವೆಗಳಿಗೆ ಬೇಕಾದ ಕಬ್ಬಿಣದ ರಚನೆಗಳನ್ನು ತಯಾರಿಸಿತು. ಟ್ರಿನಿಟಿ ಕಾಲೇಜನ್ನು ಸುತ್ತುವರಿದ ಕಬ್ಬಿಣದ ಬೇಲಿಯ ಮೇಲೆ ಇಂದಿಗೂ ಮ್ಯಾಲೆಟ್ ಮನೆತನದ ಹೆಸರನ್ನು ಕಾಣಬಹುದು. ಕ್ರಿಮಿಯಾ ಯುದ್ಧಕ್ಕಾಗಿ ಇವರು 36 ಅಂಗುಲ ಬಾಯಿಯ ದೈತ್ಯ ಫಿರಂಗಿಯನ್ನು ವಿನ್ಯಾಸಗೊಳಿಸಿದರು. ಆದರೆ ಅದು ಸಿದ್ಧವಾಗುವ ವೇಳೆಗೆ ಯುದ್ಧವೇ ಮುಗಿದಿತ್ತು. ಅದು ರಣರಂಗವನ್ನು ಕಾಣಲೇ ಇಲ್ಲ.

ಭೂಕಂಪಗಳ ಅಧ್ಯಯನ

1783ರ ಕಲಾಬ್ರಿಯಾ ಭೂಕಂಪದಲ್ಲಿ ಬೀಳದೆ, ಪೀಠದ ಮೇಲೆಯೇ ತಿರುಚಿಕೊಂಡು ನಿಂತ ಕಲ್ಲಿನ ಕಂಬಗಳ ಚಿತ್ರವೊಂದು ಮ್ಯಾಲೆಟ್ ಅವರ ಕುತೂಹಲವನ್ನು ಕೆರಳಿಸಿತು. ನೆಲವು ಸುತ್ತಿದ್ದರಿಂದಲೇ ಕಂಬಗಳು ತಿರುಗಿದವೆಂಬ ವಿವರಣೆಯನ್ನು ಅವರು ಒಪ್ಪಲಿಲ್ಲ. ನೆಲದ ಸರಳವಾದ ಹಿಂದುಮುಂದಿನ ಚಲನೆಯಿಂದಲೂ ಹೀಗಾಗುವುದು ಸಾಧ್ಯವೆಂದು ವಾದಿಸಿದರು. ಭೂಕಂಪವೆಂದರೆ ಘನ ಪದಾರ್ಥದಲ್ಲಿ ಸಾಗುವ ಸ್ಥಿತಿಸ್ಥಾಪಕ ಅಲೆ ಎಂಬ ವಿಚಾರವನ್ನು 1846ರಲ್ಲಿ ರಾಯಲ್ ಐರಿಷ್ ಅಕಾಡೆಮಿಯ ಮುಂದೆ ಮಂಡಿಸಿದರು.

1849ರಲ್ಲಿ ಡಬ್ಲಿನ್ ಸಮೀಪದ ಕಿಲೈನಿ ಕಡಲತೀರದಲ್ಲಿ ಮದ್ದಿನಪುಡಿಯನ್ನು ಹೂತು ಸ್ಫೋಟಿಸಿ, ಮರಳಿನಲ್ಲಿ ಕಂಪನ ಸಾಗುವ ವೇಗವನ್ನು ಅಳೆದರು. ಕಂಪನ ತಲುಪಿದ ಕ್ಷಣವನ್ನು ಗುರುತಿಸಲು ಪಾದರಸದ ಮೇಲ್ಮೈಯಲ್ಲಿ ಕಾಣುವ ಪ್ರತಿಬಿಂಬದ ನಡುಕವನ್ನು ಬಳಸಿದರು. ಗ್ರಾನೈಟ್ ಶಿಲೆಯಲ್ಲಿಯೂ ಇಂಥ ಪ್ರಯೋಗ ನಡೆಯಿತು. ಕೃತಕ ಸ್ಫೋಟದಿಂದ ಭೂಮಿಯನ್ನು ಪರೀಕ್ಷಿಸುವ ವಿಧಾನಕ್ಕೆ ಇದು ನಾಂದಿಯಾಯಿತು.

ಭೂಕಂಪಗಳ ಪಟ್ಟಿ

ಮಗ ಜಾನ್ ವಿಲಿಯಂ ಮ್ಯಾಲೆಟ್ ಅವರ ನೆರವಿನೊಂದಿಗೆ ರಾಬರ್ಟ್ ಅವರು ಹಳೆಯ ಗ್ರಂಥಗಳನ್ನೂ ವರದಿಗಳನ್ನೂ ಶೋಧಿಸಿ, ಕ್ರಿ.ಪೂ. 1606ರಿಂದ ಮೊದಲ್ಗೊಂಡು ಆರು ಸಾವಿರಕ್ಕೂ ಹೆಚ್ಚು ಭೂಕಂಪಗಳನ್ನು ಕಾಲಾನುಕ್ರಮವಾಗಿ ಜೋಡಿಸಿದರು. ಈ ಪಟ್ಟಿಯನ್ನು ಬ್ರಿಟಿಷ್ ಅಸೋಸಿಯೇಷನ್ ಪ್ರಕಟಿಸಿತು. ಪ್ರಾಚೀನ ಕಾಲದ ನಮೂದುಗಳು ವಿರಳವಾಗಿರುವುದಕ್ಕೆ ಭೂಕಂಪಗಳ ಕೊರತೆ ಕಾರಣವಲ್ಲ, ಬರೆದಿಡುವವರ ಕೊರತೆ ಕಾರಣವೆಂಬುದನ್ನು ಮ್ಯಾಲೆಟ್ ಮನಗಂಡಿದ್ದರು. ಪಟ್ಟಿಯ ಆಧಾರದಿಂದ ರಚಿಸಿದ ಜಗತ್ತಿನ ನಕ್ಷೆಯಲ್ಲಿ ಭೂಕಂಪಗಳು ಪರ್ವತಶ್ರೇಣಿಗಳನ್ನೂ ಸಾಗರಗಳ ಅಂಚುಗಳನ್ನೂ ಅನುಸರಿಸುವ ಪಟ್ಟೆಗಳಾಗಿ ಕಂಡವು. ಇದಕ್ಕೆ ತೃಪ್ತಿಕರ ಕಾರಣ ದೊರೆತದ್ದು ಒಂದು ಶತಮಾನದ ನಂತರ, ಭೂಫಲಕಗಳ ಸಿದ್ಧಾಂತದಿಂದ.

ನೇಪಲ್ಸ್ ಭೂಕಂಪ

1857ರ ಡಿಸೆಂಬರ್ 16ರಂದು ದಕ್ಷಿಣ ಇಟಲಿಯಲ್ಲಿ ಸಂಭವಿಸಿದ ಭೂಕಂಪದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರು ಮಡಿದರು. ರಾಯಲ್ ಸೊಸೈಟಿಯ ಧನಸಹಾಯ ಪಡೆದ ಮ್ಯಾಲೆಟ್, ಚಳಿಗಾಲದಲ್ಲಿಯೇ ಪಾಳುಬಿದ್ದ ಊರುಗಳಲ್ಲಿ ಸಂಚರಿಸಿದರು. ಗೋಡೆಗಳ ಬಿರುಕು, ಬಿದ್ದ ವಸ್ತುಗಳ ದಿಕ್ಕು ಮೊದಲಾದವುಗಳಿಂದ ಕಂಪನದ ಮೂಲವನ್ನೂ ಆಳವನ್ನೂ ಲೆಕ್ಕಹಾಕಿದರು. ಛಾಯಾಚಿತ್ರಗಳನ್ನೂ ಒಳಗೊಂಡ ಎರಡು ಸಂಪುಟಗಳ ವರದಿ 1862ರಲ್ಲಿ ಪ್ರಕಟವಾಯಿತು.

ಕೊನೆಯ ದಿನಗಳು ಮತ್ತು ಪ್ರಭಾವ

1861ರಲ್ಲಿ ಮ್ಯಾಲೆಟ್ ಲಂಡನ್ನಿಗೆ ತೆರಳಿದರು. 1877ರಲ್ಲಿ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯ ವೊಲಾಸ್ಟನ್ ಪದಕ ಇವರಿಗೆ ಲಭಿಸಿತು. ಬದುಕಿನುದ್ದಕ್ಕೂ ಕಣ್ಣಿನ ಸೂಕ್ಷ್ಮ ವೀಕ್ಷಣೆಯನ್ನೇ ನಂಬಿದ್ದ ಅವರು ಕೊನೆಯ ವರ್ಷಗಳಲ್ಲಿ ದೃಷ್ಟಿಯನ್ನು ಕಳೆದುಕೊಂಡರು. 1881ರಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಬಿರುಕುಗಳಿಂದ ದಿಕ್ಕನ್ನು ನಿರ್ಣಯಿಸುವ ಇವರ ವಿಧಾನ ಪೂರ್ಣ ವಿಶ್ವಾಸಾರ್ಹವಲ್ಲವೆಂದು ಮುಂದೆ ತಿಳಿದುಬಂದಿತು. ಆದರೂ ಸ್ಥಳಕ್ಕೆ ಹೋಗಿ ಹಾನಿಯನ್ನು ಕ್ರಮಬದ್ಧವಾಗಿ ದಾಖಲಿಸುವ ಪದ್ಧತಿ ಉಳಿದುಬಂದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಥಾಮಸ್ ಓಲ್ಡ್‌ಹ್ಯಾಮ್ 1869ರ ಕಚಾರ್ ಭೂಕಂಪದ ಅಧ್ಯಯನದಲ್ಲಿ ಈ ವಿಧಾನವನ್ನೇ ಅನುಸರಿಸಿದರು. ಅವರು ಸಂಗ್ರಹಿಸಿದ ಭಾರತದ ಭೂಕಂಪಗಳ ಪಟ್ಟಿ ಅವರ ಮರಣಾನಂತರ, 1883ರಲ್ಲಿ ಪ್ರಕಟವಾಯಿತು. ಮ್ಯಾಲೆಟ್ ಅವರ ಮತ್ತೊಬ್ಬ ಮಗ ಫ್ರೆಡರಿಕ್ ರಿಚರ್ಡ್ ಮ್ಯಾಲೆಟ್ ಕೂಡ ಇದೇ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು.