ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್

ರಣರಂಗದಲ್ಲಿ ಮಡಿದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಗೌರವಿಸುವುದು ಎಲ್ಲ ರಾಷ್ಟ್ರಗಳಲ್ಲಿಯೂ ರೂಢಿಯಾಗಿದೆ. ಆದರೆ ಹೊಟ್ಟೆಪಾಡಿಗಾಗಿ ಕಾರ್ಖಾನೆಯೊಳಗೆ ಕಾಲಿಟ್ಟು, ಅಲ್ಲಿಯ ಧೂಳನ್ನೂ ಹೊಗೆಯನ್ನೂ ಸೇವಿಸಿ, ಕೈಕಾಲುಗಳ ಸ್ವಾಧೀನ ತಪ್ಪಿ ಅಕಾಲದಲ್ಲಿ ಮೃತ್ಯುವಶರಾದವರ ಲೆಕ್ಕವನ್ನು ಇಟ್ಟವರು ವಿರಳ. ಅಮೆರಿಕದಲ್ಲಿ ಆ ಲೆಕ್ಕವನ್ನು ಬರೆಯಲು ಲೇಖನಿ ಹಿಡಿದವರಲ್ಲಿ ಅಗ್ರಗಣ್ಯರು ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್. ಇವರು 1970ನೆಯ ಇಸವಿ ಸೆಪ್ಟೆಂಬರ್ 22ರಂದು, ತಮ್ಮ 101ನೆಯ ವಯಸ್ಸಿನಲ್ಲಿ ದೇಹತ್ಯಾಗ ಮಾಡಿದರು. ಅದೇ ವರ್ಷ ಡಿಸೆಂಬರ್ 29ರಂದು ಅಧ್ಯಕ್ಷ ನಿಕ್ಸನ್‌ರವರು ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ಕಾಯಿದೆಗೆ ಅಂಕಿತ ಹಾಕಿದರು. ಆ ಕಾಯಿದೆಯಿಂದ ಹುಟ್ಟಿದ ಸರ್ಕಾರಿ ಸಂಶೋಧನಾ ಸಂಸ್ಥೆಯು 'ನಯಾಷ್' ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾಗಿದೆ. ಆ ಸಂಸ್ಥೆಯ ಚರಿತ್ರೆಯನ್ನು ತಿಳಿಯಬಯಸುವವರು ಮೊದಲು ಈ ಮಹನೀಯೆಯ ಚರಿತ್ರೆಯನ್ನು ತಿಳಿಯಬೇಕೆಂಬುದು ನಮ್ಮ ಅಭಿಪ್ರಾಯ.

ಡಾಕ್ಟರ್ ಹ್ಯಾಮಿಲ್ಟನ್ನರು 1869ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಇಂಡಿಯಾನಾ ಸಂಸ್ಥಾನದ ಫೋರ್ಟ್ ವೇಯ್ನ್ ಪಟ್ಟಣದಲ್ಲಿ ಬೆಳೆದರು. ಗ್ರೀಕ್ ಸಾಹಿತ್ಯದಲ್ಲಿ ಪಾರಂಗತರಾಗಿ ಹೆಸರು ಪಡೆದ ಈಡಿತ್ ಹ್ಯಾಮಿಲ್ಟನ್ ಇವರ ಅಕ್ಕ. 1893ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿಯನ್ನು ಪಡೆದು, ಜರ್ಮನಿಯಲ್ಲಿ ಹೆಚ್ಚಿನ ವ್ಯಾಸಂಗ ಮಾಡಿ, 1897ರಲ್ಲಿ ಷಿಕಾಗೋ ನಗರಕ್ಕೆ ಬಂದು ಅಧ್ಯಾಪಕಿಯಾದರು. ಅಲ್ಲಿ ಅವರು ವಾಸಕ್ಕೆ ಆರಿಸಿಕೊಂಡದ್ದು ಶ್ರೀಮಂತರ ಬೀದಿಯನ್ನಲ್ಲ. ಜೇನ್ ಆಡಮ್ಸ್‌ರವರು ಬಡವರ ಕೇರಿಯಲ್ಲಿ ಸ್ಥಾಪಿಸಿದ್ದ ಹಲ್ ಹೌಸ್ ಎಂಬ ಸೇವಾಶ್ರಮವನ್ನು. ನೆರೆಹೊರೆಯವರೆಲ್ಲರೂ ಯೂರೋಪಿನಿಂದ ವಲಸೆ ಬಂದ ಕೂಲಿಕಾರರು. ಅವರ ರೋಗಗಳ ಮೂಲ ಮನೆಯಲ್ಲಿಲ್ಲ, ದುಡಿಮೆಯಲ್ಲಿದೆ ಎಂಬುದು ಇಲ್ಲಿಯೇ ಇವರ ಮನಸ್ಸಿಗೆ ಹೊಳೆಯಿತು.

1910ರಲ್ಲಿ ಇಲಿನಾಯ್ ಸಂಸ್ಥಾನದ ಸರ್ಕಾರವು ಔದ್ಯೋಗಿಕ ರೋಗಗಳ ವಿಚಾರಣೆಯನ್ನು ನಡೆಸಿದಾಗ ಅದರ ಭಾರವು ಇವರ ಮೇಲೆ ಬಿದ್ದಿತು. ಇವರು ಮುಖ್ಯವಾಗಿ ಹಿಡಿದ ವಿಷಯ ಸೀಸದ ವಿಷ. ಬಣ್ಣಕ್ಕೆ ಬೆರೆಸುವ ಸಫೇತ, ವಿದ್ಯುತ್ಕೋಶ, ಸೀಸ ಕರಗಿಸುವ ಕುಲುಮೆ, ಹೀಗೆ ಹತ್ತಾರು ಕಸಬುಗಳಲ್ಲಿ ಅದು ಜನರನ್ನು ಒಳಗಿಂದೊಳಗೆ ತಿನ್ನುತ್ತಿತ್ತು. ಹೊಟ್ಟೆ ಹಿಂಡುವ ಶೂಲೆ, ಮಣಿಕಟ್ಟು ಜೋತುಬೀಳುವುದು, ಕೊನೆಗೆ ಮೂರ್ಛೆ, ಇವು ಅದರ ಲಕ್ಷಣಗಳು. ಕಾರ್ಖಾನೆಯ ಒಡೆಯರು ಹೇಳುತ್ತಿದ್ದ ಸಮಾಧಾನ ಒಂದೇ: ಕೂಲಿಗಳು ಕೈ ತೊಳೆಯದೆ ಉಣ್ಣುತ್ತಾರೆ, ತಪ್ಪು ಅವರದೇ. ಡಾಕ್ಟರ್ ಹ್ಯಾಮಿಲ್ಟನ್ನರು ಈ ವಾದವನ್ನು ಬುಡಸಹಿತ ಕಿತ್ತರು. ವಿಷವು ದೇಹವನ್ನು ಸೇರುವುದು ಮುಖ್ಯವಾಗಿ ಉಸಿರಿನ ಮೂಲಕ, ಗಾಳಿಯಲ್ಲಿರುವ ಧೂಳು ಮತ್ತು ಆವಿಯಿಂದ ಎಂದು ಸ್ಥಾಪಿಸಿದರು. ಕೈಯ ಕೊಳೆ ಕೂಲಿಯವನ ಹೊಣೆಯಾಗಬಹುದು. ಕಾರ್ಖಾನೆಯ ಗಾಳಿ ಯಾರ ಹೊಣೆ? ಈ ಪ್ರಶ್ನೆಗೆ ಒಡೆಯರಲ್ಲಿ ಉತ್ತರವಿರಲಿಲ್ಲ.

ಅವರ ವಿಚಾರಣೆಯ ಕ್ರಮವು ಗಮನಾರ್ಹವಾದುದು. ಸ್ನಾನದ ತೊಟ್ಟಿಗಳಿಗೆ ಎನಾಮಲ್ ಹಚ್ಚುತ್ತಿದ್ದ ಪೋಲೆಂಡಿನ ಕೆಲಸಗಾರನೊಬ್ಬನಲ್ಲಿ ಸೀಸದ ವಿಷದ ಚಿಹ್ನೆಗಳು ಕಂಡವು. ಇವರು ಕಾರ್ಖಾನೆಗೆ ಹೋಗಿ ನೋಡಿದರೆ ಅಲ್ಲಿ ಅಪಾಯವೇ ಕಾಣಲಿಲ್ಲ. ಅವನ ಮನೆಯಲ್ಲಿ ವಿಚಾರಿಸಿದಾಗ ಗುಟ್ಟು ಬಯಲಾಯಿತು. ಇವರಿಗೆ ತೋರಿಸಿದ್ದು ಕಡೆಯ ಒಪ್ಪದ ಕೆಲಸ ಮಾತ್ರ. ಕೆಂಪಗೆ ಕಾದ ತೊಟ್ಟಿಯ ಮೇಲೆ ಎನಾಮಲ್ ಪುಡಿಯನ್ನು ಉದುರಿಸುವ ನಿಜವಾದ ಕೆಲಸ ಬೇರೆಡೆ ನಡೆಯುತ್ತಿತ್ತು. ಅಂದಿನಿಂದ ಇವರು ಕಚೇರಿಯ ಕಾಗದವನ್ನು ಮಾತ್ರ ನಂಬದೆ, ಆಸ್ಪತ್ರೆಯ ದಾಖಲೆಗಳನ್ನು ಹುಡುಕಿ, ಔಷಧದ ಅಂಗಡಿಯವರನ್ನೂ ಪಾದ್ರಿಗಳನ್ನೂ ಕೆಲಸಗಾರರ ಹೆಂಡಂದಿರನ್ನೂ ಕೇಳಿ ಸತ್ಯವನ್ನು ಸಂಗ್ರಹಿಸಿದರು. ಇದರ ಫಲವಾಗಿ 1911ರಲ್ಲಿ ಇಲಿನಾಯ್ ಸಂಸ್ಥಾನವು ಔದ್ಯೋಗಿಕ ರೋಗಗಳ ಕಾಯಿದೆಯನ್ನು ಮಾಡಿತು.

ಅದೇ ವರ್ಷ ಕೇಂದ್ರ ಸರ್ಕಾರದ ಕಾರ್ಮಿಕ ಬ್ಯೂರೋ ಇವರನ್ನು ವಿಶೇಷ ವಿಚಾರಣಾಧಿಕಾರಿಯಾಗಿ ನೇಮಿಸಿತು. ಆದರೆ ಅಧಿಕಾರವೆಂಬುದು ಹೆಸರಿಗೆ ಮಾತ್ರ. ಕಾರ್ಖಾನೆಯ ಬಾಗಿಲನ್ನು ತೆರೆಯಿಸುವ ಹಕ್ಕು ಇವರಿಗಿರಲಿಲ್ಲ. ಒಡೆಯನ ಮನಸ್ಸು ಬಂದರೆ ಪ್ರವೇಶ, ಇಲ್ಲದಿದ್ದರೆ ಇಲ್ಲ. ಇವರ ಬಳಿ ಇದ್ದ ಶಸ್ತ್ರ ಸತ್ಯವೊಂದೇ. ನ್ಯಾಷನಲ್ ಲೆಡ್ ಕಂಪೆನಿಯ ಎಡ್ವರ್ಡ್ ಕಾರ್ನಿಷ್‌ರವರು ತಮ್ಮಲ್ಲಿ ರೋಗಿಗಳಿರುವುದನ್ನು ಮೊದಲು ನಂಬಲಿಲ್ಲ. ಸಾಕ್ಷ್ಯವನ್ನು ಮುಂದಿಟ್ಟಾಗ ಒಪ್ಪಿ, ಧೂಳನ್ನು ತಡೆಯುವ ಏರ್ಪಾಡನ್ನೂ ವೈದ್ಯರನ್ನೂ ಒದಗಿಸಿದರು. ಎಲ್ಲ ಒಡೆಯರೂ ಹೀಗಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಇವರನ್ನು ತನ್ನ ಮೊದಲನೆಯ ಮಹಿಳಾ ಅಧ್ಯಾಪಕಿಯಾಗಿ ಬರಮಾಡಿಕೊಂಡಿತು. ಆದರೆ ಪದವೀದಾನದ ಮೆರವಣಿಗೆಯಲ್ಲಿ ನಡೆಯಕೂಡದು, ಅಧ್ಯಾಪಕರ ಕ್ಲಬ್ಬಿಗೆ ಬರಕೂಡದು ಎಂಬ ನಿರ್ಬಂಧಗಳನ್ನು ಹಾಕಿತು. 1935ರಲ್ಲಿ ನಿವೃತ್ತರಾಗುವವರೆಗೂ ಸಹಾಯಕ ಪದವಿಯಿಂದ ಮೇಲೇರಿಸಲಿಲ್ಲ. 1925ರಲ್ಲಿ ಪೆಟ್ರೋಲಿಗೆ ಸೀಸವನ್ನು ಬೆರೆಸುವ ವಿಚಾರವು ವಾಷಿಂಗ್ಟನ್ನಿನ ಸಭೆಗೆ ಬಂದಾಗ, ಇದು ಬೀದಿಬೀದಿಗೂ ವಿಷವನ್ನು ಹರಡುವುದೆಂದು ಇವರು ವಿರೋಧಿಸಿದರು. ಅವರ ಮಾತು ನಡೆಯಲಿಲ್ಲ. ಅಮೆರಿಕದ ರಸ್ತೆಗಳಿಂದ ಆ ಪೆಟ್ರೋಲು ಪೂರ್ಣವಾಗಿ ಮರೆಯಾದದ್ದು 1996ರಲ್ಲಿ, ಭಾರತದಲ್ಲಿ 2000ದಲ್ಲಿ. ಕಿವಿಗೊಡದ ಎಚ್ಚರಿಕೆಗೆ ಜಗತ್ತು ತೆತ್ತ ಬೆಲೆ ಎಪ್ಪತ್ತು ವರ್ಷಗಳು!

1971ರಲ್ಲಿ ನಯಾಷ್ ಕಾರ್ಯಾರಂಭ ಮಾಡಿದಾಗ, ಹ್ಯಾಮಿಲ್ಟನ್ನರಿಗೆ ಇಲ್ಲದಿದ್ದ ಹಕ್ಕನ್ನು ಕಾಯಿದೆಯು ಅದಕ್ಕೆ ಕೊಟ್ಟಿತ್ತು. ಅದರ ಸಂಶೋಧಕರು ಕಾರ್ಖಾನೆಯನ್ನು ಪ್ರವೇಶಿಸಬಹುದು. ಕೆಲಸಗಾರರೇ ವಿಚಾರಣೆಗಾಗಿ ಅದಕ್ಕೆ ಬರೆದುಕೊಳ್ಳಬಹುದು. ದಂಡಿಸುವ ಅಧಿಕಾರ ಬೇರೊಂದು ಇಲಾಖೆಯದು. ಇದರ ಕೆಲಸ ಅರಿಯುವುದು ಮತ್ತು ಅರುಹುವುದು. 2020ರ ಸಾಂಕ್ರಾಮಿಕದಲ್ಲಿ ನಮ್ಮವರು ಧರಿಸಿದ ಎನ್-95 ಮುಖವಾಡದ ಹೆಸರು ಕೂಡ ಈ ಸಂಸ್ಥೆಯ ವರ್ಗೀಕರಣದಿಂದ ಬಂದುದೇ. 1987ರಲ್ಲಿ ಸಿನ್ಸಿನಾಟಿಯಲ್ಲಿರುವ ತನ್ನ ಪ್ರಯೋಗಾಲಯಕ್ಕೆ ಅದು ಹ್ಯಾಮಿಲ್ಟನ್ನರ ಹೆಸರನ್ನಿಟ್ಟಿತು.

ಇಂಥ ಸಂಸ್ಥೆಯ ಬಹುಪಾಲು ನೌಕರರಿಗೆ 2025ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರವು ಬಿಡುಗಡೆಯ ನೋಟೀಸು ಕೊಟ್ಟಿತೆಂಬುದು ವಿಷಾದದ ಸಂಗತಿ. ಕೂಗು ಎದ್ದ ಮೇಲೆ, ನ್ಯಾಯಾಲಯವೂ ಮಧ್ಯೆ ಬಂದ ಮೇಲೆ, ಹಲವರನ್ನು ಮರಳಿ ಕರೆಸಿಕೊಳ್ಳಲಾಯಿತು. ಲೆಕ್ಕ ಬರೆಯುವವರನ್ನು ಕಳುಹಿಸಿದ ಮಾತ್ರಕ್ಕೆ ಸಾಯುವವರ ಸಂಖ್ಯೆ ಕಡಮೆಯಾಗದು. ಅದು ಕಣ್ಣಿಗೆ ಬೀಳದೆ ಹೋಗುವುದು, ಅಷ್ಟೆ.

ನಾವು ಅನ್ಯರ ಮನೆಯ ಕಥೆಯೆಂದು ಇದನ್ನು ಓದಿ ಮರೆಯಬಾರದು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ಬಂಡೆ ಕೊರೆದ ಅನೇಕರ ಶ್ವಾಸಕೋಶಗಳನ್ನು ಕಲ್ಲಿನ ಧೂಳು ಮೊದಲೇ ಮುಚ್ಚಿತ್ತು. ನಮ್ಮ ದೇಶದಲ್ಲಿಯೂ 1966ರಲ್ಲಿ ಅಹಮದಾಬಾದಿನಲ್ಲಿ ಇಂಥ ಸಂಸ್ಥೆಯೊಂದು ಸ್ಥಾಪಿತವಾಗಿದೆ. ಬೆಂಗಳೂರಿನಲ್ಲಿಯೂ ಅದರ ಕೇಂದ್ರವುಂಟು. ಸಂಸ್ಥೆಯಿದ್ದರೆ ಸಾಲದು, ಅದು ಬರೆದುದನ್ನು ಓದುವ ಅಧಿಕಾರಿಗಳೂ, ಓದಿದಂತೆ ನಡೆಯುವ ಸರ್ಕಾರವೂ ಬೇಕು. ದುಡಿಯುವವನ ಉಸಿರು ರಾಷ್ಟ್ರದ ಸಂಪತ್ತೆಂದು ಬಗೆದು ಬಾಳಿದ ಆ ವೈದ್ಯೆಗೆ ನಾವು ಸಲ್ಲಿಸಬಹುದಾದ ಗೌರವವು ಅದೊಂದೇ.