ಕೆಲಸದ ಬಾಗಿಲವರೆಗೂ ಕೈ ಹಿಡಿದವರು

ಹೆತ್ತವರಿಲ್ಲದ ಮಗುವಿಗೆ ಅನ್ನ, ಬಟ್ಟೆ, ವಿದ್ಯೆ ಕೊಡುವುದು ಪುಣ್ಯದ ಕೆಲಸವೆಂದು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಓದು ಮುಗಿಸಿ ಆ ಮಗು ದುಡಿಯಲು ಹೊರಟ ದಿನ ಅದರ ಪರವಾಗಿ ನಿಲ್ಲುವವರು ಯಾರು? ಸಂತ ಜಾನ್ ಬೋಸ್ಕೊ ಅವರ ಜೀವನದಲ್ಲಿ ಇದಕ್ಕೆ ಉತ್ತರವಿದೆ.

1815ರಲ್ಲಿ ಇಟಲಿಯ ಬೆಕ್ಕಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಅವರು, ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ಬಾಲ್ಯದಲ್ಲೇ ಪರರ ಹೊಲದಲ್ಲಿ ದುಡಿದರು. ಹೊಲಿಗೆ ಕಲಿತರು, ಕಾಫಿ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಓದಿದರು. 1841ರಲ್ಲಿ ಗುರುದೀಕ್ಷೆ ಪಡೆದು ಟ್ಯೂರಿನ್ ನಗರಕ್ಕೆ ಬಂದಾಗ, ಅಲ್ಲಿನ ಸೆರೆಮನೆಗಳಲ್ಲಿ ಎಳೆಯ ಹುಡುಗರನ್ನು ಕಂಡು ಮರುಗಿದರು. ಬಿಡುಗಡೆಯಾದವರು ಮತ್ತೆ ಅಲ್ಲಿಗೇ ಮರಳುತ್ತಿದ್ದರು. ಹೊರಗೆ ಅವರಿಗೆ ನಮ್ಮವರೆನ್ನುವವರು ಯಾರೂ ಇರಲಿಲ್ಲ.

1847ರ ಒಂದು ಮಳೆಯ ರಾತ್ರಿ, ಕೆಲಸ ಹುಡುಕಿಕೊಂಡು ನಗರಕ್ಕೆ ಬಂದಿದ್ದ ಅನಾಥ ಬಾಲಕನೊಬ್ಬ ವಾಲ್ಡೊಕ್ಕೊದಲ್ಲಿದ್ದ ಅವರ ಮನೆಯ ಬಾಗಿಲು ತಟ್ಟಿದ. ತಾಯಿ ಮಾರ್ಗರೀಟಾ ಅವನಿಗೆ ಊಟ ಬಡಿಸಿ, ಇಟ್ಟಿಗೆ ಜೋಡಿಸಿ, ಹಲಗೆ ಹಾಸಿ ಮಲಗಲು ಅಣಿಮಾಡಿದರು. ಅನಾಥರಿಗೆ ಅದೇ ಮನೆಯಾಯಿತು.

ಹುಡುಗರು ಹಗಲಲ್ಲಿ ನಗರದ ಅಂಗಡಿಗಳಿಗೆ ಕಸುಬು ಕಲಿಯಲು ಹೋಗುತ್ತಿದ್ದರು. ಕಲಿಸುವ ನೆಪದಲ್ಲಿ ಮಾಲೀಕರು ಅವರಿಂದ ಮನೆಗೆಲಸ ಮಾಡಿಸುವುದು, ಹೊಡೆಯುವುದು ಆಗ ಸಾಮಾನ್ಯವಾಗಿತ್ತು. ಡಾನ್ ಬೋಸ್ಕೊ ಬರೇ ಮರುಕಪಟ್ಟು ಸುಮ್ಮನಾಗಲಿಲ್ಲ, ಲಿಖಿತ ಕರಾರು ಮಾಡಿಸಿದರು. 1852ರ ಫೆಬ್ರುವರಿಯಲ್ಲಿ ಬಡಗಿ ಕೆಲಸ ಕಲಿಯಲು ಹೊರಟ ಹುಡುಗನೊಬ್ಬನಿಗಾಗಿ ಮಾಡಿಸಿದ ಕರಾರು ಇಂದಿಗೂ ಉಳಿದಿದೆ. ಮಾಲೀಕನು ಮಾತಿನಿಂದ ತಿದ್ದಬೇಕು, ಹೊಡೆಯಬಾರದು. ಕಸುಬಿಗೆ ಸಂಬಂಧವಿಲ್ಲದ ಕೆಲಸ ಹೇಳಬಾರದು. ಭಾನುವಾರ ಮತ್ತು ಹಬ್ಬದ ದಿನ ಬಿಡುವು ಕೊಡಬೇಕು. ಕೂಲಿಯೂ ರಜೆಯೂ ಬರವಣಿಗೆಯಲ್ಲೇ ಇದ್ದವು. ಹುಡುಗನು ವಿಧೇಯನಾಗಿ, ಶ್ರದ್ಧೆಯಿಂದ ಕಲಿಯಬೇಕೆಂಬ ಕಟ್ಟುಪಾಡೂ ಇತ್ತು. ಡಾನ್ ಬೋಸ್ಕೊ ತಾವೂ ಸಹಿ ಹಾಕಿದರು.

1853ರಿಂದ ತಮ್ಮ ಮನೆಯಲ್ಲೇ ಚಪ್ಪಲಿ, ಹೊಲಿಗೆ, ಮುಂದೆ ಪುಸ್ತಕ ಕಟ್ಟುವುದು, ಬಡಗಿತನ, ಮುದ್ರಣ ಹೀಗೆ ಒಂದೊಂದೇ ಕಸುಬಿನ ಶಾಲೆ ತೆರೆದರು. 1888ರ ಜನವರಿ 31ರಂದು ಅವರು ದೈವಾಧೀನರಾದರು. 1934ರ ಪಾಸ್ಖ ಹಬ್ಬದಂದು ಜಗದ್ಗುರು 11ನೇ ಪಿಯೂಸರು ಅವರನ್ನು ಸಂತರೆಂದು ಘೋಷಿಸಿದರು.

ಓದುಗರೇ, ಅನಾಥಾಲಯಕ್ಕೆ ಹಬ್ಬದ ದಿನ ಸಿಹಿ ಹಂಚುವುದು ಒಳ್ಳೆಯದೇ. ಆದರೆ ಅಲ್ಲಿಂದ ಹೊರಬರುವ ಯುವಕ ಯುವತಿಗೆ ಕೆಲಸ ಕೊಡಿಸಿ, ಸಂಬಳ ಸರಿಯಾಗಿ ಬರುತ್ತಿದೆಯೇ, ಮಾಲೀಕರು ಹೇಗೆ ನಡೆಸಿಕೊಳ್ಳುತ್ತಿದ್ದಾರೆ ಎಂದು ತಿಂಗಳಿಗೊಮ್ಮೆ ವಿಚಾರಿಸುವ ಹಿರಿಯರೊಬ್ಬರೂ ಅವರಿಗೆ ಬೇಕು. ಆ ಹಿರಿಯರು ನೀವೇ ಏಕಾಗಬಾರದು?